ಔಟ್ ಅಂದರೆ ಹೋದ ಹಾಗೆ

ಹಲ್ಲಿನ ಡಾಕ್ಟರ ಬಾಗಿಲ ಹೊರಗಿನ ಬೆಂಚಿನಲ್ಲಿ, ನನ್ನ ಪಕ್ಕ, ಕೆನ್ನೆ ಊದಿದ ಒಬ್ಬ ಯುವಕನೂ ಅವನ ಅಕ್ಕನೂ ಕೂತಿದ್ದರು. ರಜೆ ಕೇಳಿ ಅವನು ಬರೆದ ಇಮೇಲ್ ಫೋನಿನಿಂದ ಹೊರಡುತ್ತಿರಲಿಲ್ಲ.

“ಪಾಸ್‌ವರ್ಡ್ ಬದಲಾಯಿಸಿದ್ಯಾ?”

“ಹೋದ ವಾರ, ಆಫೀಸಿನ ಕಂಪ್ಯೂಟರಲ್ಲಿ.”

“ಅದನ್ನ ಫೋನಿಗೆ ಯಾರು ಹೇಳ್ಬೇಕಿತ್ತು, ಪಕ್ಕದ ಮನೆಯವರಾ? ಹೊಸದು ಹಾಕು.”

“ಹಾಕ್ತಿದ್ದೀನಿ, ತಾಳಕ್ಕ.”

“ಔಟ್‌ಬಾಕ್ಸಲ್ಲಿ ಇನ್ನೊಂದಿದೆಯಲ್ಲೋ, ಅದೇನು?”

“ಅದು ಹೋಗಿರೋದು. ಸೋಮವಾರ ಸಿಟ್ಟಲ್ಲಿ ಮ್ಯಾನೇಜರಿಗೆ ಬರೆದ ರಾಜೀನಾಮೆ.”

“ಹೋಗಿದ್ರೆ ಇಲ್ಯಾಕೆ ಕೂತಿದೆ? ಮೊಟ್ಟೆಗೆ ಕಾವು ಕೊಡೋಕಾ?”

“ಔಟ್ ಅಂದ್ರೆ ಹೊರಗೆ ಹೋಯ್ತು ಅಂತ ಅಲ್ವಾ?”

“ಹೊರಡೋಕೆ ಕಾಯ್ತಿದೆ ಅಂತ ಕಣೋ, ಪಂಡಿತ.”

“ಹಾಗಾದ್ರೆ ಅವರು ಓದೇ ಇಲ್ವಾ? ಮಾರನೇ ದಿನ ಹೆದರ್ಕೊಂಡೇ ಕೆಲಸಕ್ಕೆ ಹೋದೆ. ನಗ್‌ನಗ್ತಾ ಮಾತಾಡಿಸಿದ್ರು. ಕ್ಷಮಿಸಿಬಿಟ್ರು, ದೇವರಂಥ ಮನುಷ್ಯ ಅಂದ್ಕೊಂಡೆ.”

“ಏನಂತ ಬರೆದಿದ್ದೆ?”

“‘ನಿಮ್ಮದು ಎಮ್ಮೆ ಚರ್ಮ’ ಅಂತ.”

“ದೇವರಿಗೆ ಒಳ್ಳೆ ಮಂಗಳಾರತೀನೇ ಎತ್ತಿದ್ದೀಯ. ಮನೇಲಿ ದುಡಿಯೋನು ನೀನೊಬ್ಬ. ಮೊದಲು ಅದನ್ನ ಅಳಿಸು, ಪಾಸ್‌ವರ್ಡ್ ಆಮೇಲೆ ಹಾಕು.”

“ಹಾಕಾಯ್ತಲ್ಲ.”

ಫೋನು ಸುಂಯ್ ಎಂದಿತು. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ ಸುಂಯ್ ಎಂದಿತು.

“ಎರಡೂ ಹೋದ್ವು, ಅಕ್ಕ.”

ಒಳಗಿನಿಂದ ನರ್ಸ್ ಕರೆದರು. ಅಕ್ಕ ಎದ್ದು ಅವನ ತೋಳು ಹಿಡಿದಳು.

“ನೀನು ಕೇಳಿದ್ದು ಒಂದು ದಿನದ ರಜೆ, ಸಿಕ್ಕಿದ್ದು ಪೂರ್ತಿ ರಜೆ. ನಡಿ, ಕೆಲಸ ಕಿತ್ಕೊಂಡಾಯ್ತು, ಇನ್ನು ಹಲ್ಲೂ ಕೀಳಿಸ್ಕೋ.”