ಒದ್ದಾಡಿದ ಮೀನು

...ಅಡಗಿಮನಿತನಕಾ ಬಂದು ಕುಂತೇನಂತ ನಗತೀರೇನ್ರಿ ಭಾಬಿ? ಹೊರಗ ಒಬ್ಬನ ಕುಂತು ಬ್ಯಾಸರಾತು. ಕೇಳ್ರಿ. ಮುಂಜಾನಿ ಉಣಕಲ್ಲ ಕೆರ್ಯಾಗ ಈ ರೋಹು ಮೀನ ಗಾಳಕ್ಕ ಬಿತ್ತು. ಹಿಡದಾಂವ ಈ ಮಕಬೂಲಸಾಬ ಅಂತ ಗೊತ್ತಾದ ಕೂಡಲೇ ಸಲಾಂ ಹೊಡದು ತಾನ ದಂಡಿಗೆ ಬಂತು. ತಲಿಮ್ಯಾಲ ಕಟಗೀಲೆ ಒಂದ ಏಟು, ಮುಗೀತು. ತಾ ಸತ್ತದ್ದು ಅದಕ್ಕಿನ್ನೂ ಗೊತ್ತಿಲ್ಲ. ನಿಮ್ಮ ಗಡಿಗ್ಯಾಗೂ ಈಸಾಡಾಕತ್ತೇನಂತ ತಿಳಕೊಂಡೈತಿ.

ಮೀನ ಹಿಡಿಯೂದು ದೊಡ್ಡ ಮಾತಲ್ಲರಿ, ಒದ್ದಾಡಿಸದ ಹಿಡೀಬೇಕು. ಒದ್ದಾಡಿ ಒದ್ದಾಡಿ ಸತ್ತದ್ದು ಮೆತ್ತಗ, ಹುಳಿ ಹುಳಿ... ಹಸಿ ಅರಿವಿ ಅಗದಂಗ. ಸಮಾಧಾನದಲೆ ಸತ್ತದ್ದು ಗಟ್ಟಿ, ಸಿಹಿ. ಹಾಂ, ಅಣ್ಣಾನೂ ಇದನ್ನ ಹೇಳತಿದ್ದ. ಅಂವಗ ಕಲಿಸಿದಾಂವ ನಾ. ತಲಿ ಯಾಕ ಅಳ್ಳಾಡಸ್ತೀರಿ?

ಹಾಕ್ರಿ, ದೊಡ್ಡ ತುಂಡ ಹಾಕ್ರಿ.

ಯಾಕ ನಿಂತ್ರಿ? ಪುಡಿ ಆಗೇತಿ? ಎಲ್ಲಾ?... ಹುಣಸಿಹುಳಿ ಜಾಸ್ತಿ ಆಗಿರಬೇಕು. ಇಲ್ಲ? ಹಂಗಾರ ಉರಿ ಜೋರಿರಬೇಕು. ಅದೂ ಇಲ್ಲ...

ಆತು, ಖರೇ ಹೇಳತೇನಿ. ಒಂದೀಟ ಒದ್ದಾಡತು. ಒಂದೀಟ ಅಂದ್ರ... ನನ್ನ ನವಲೂರತನಕಾ ಎಳಕೊಂಡ ಹೋತು. ಬಸ್ಸಿನ್ಯಾಗಿನ ಮಂದಿ ಎಲ್ಲಾ ನೋಡಿದ್ರು.

ಈಗ ನಗವಲ್ರಿ.

ಮಾರ್ಕೆಟ್ಟಿಗೆ ಡ್ರಮ್ಮಿನ್ಯಾಗ ಜೀವಂತ ತುಂಬಿಕೊಂಡ ತರತಾರಲ್ಲರಿ, ಒಂದರ ಮ್ಯಾಲ ಒಂದು, ಬಾಯಿ ತಕ್ಕೊಂಡು ಒದ್ದಾಡಕೊಂತ... ಅದರ ಸುದ್ದಿ ಯಾಕೀಗ? ನೀವೇನ ಕೇಳಿಲ್ಲ. ಹೌದು, ನೀವೇನೂ ಕೇಳಿಲ್ಲ.

ಅಣ್ಣಾ ತೀರಿಹೋದ ಮ್ಯಾಲ ಒಮ್ಮೆ ಕೆರಿಗೆ ಹೋಗಿದ್ನಿ. ಮಗ್ಗಲದಾಗ ಅಂವನ ಬೀಡಿ ಹೊಗಿ ಇಲ್ಲದ ಕುಂದ್ರಾಕ ಆಗಲಿಲ್ಲ. ಮೀನ ಕಚ್ಚಿತ್ತು, ಗಾಳ ಅಲ್ಲೇ ಬಿಟ್ಟ ಎದ್ದ ಬಂದ್ನಿ, ಮತ್ತ ಹೋಗಿಲ್ಲ. ಆದ್ರ ಶುಕ್ರವಾರ ಅಂತೂ ಬರತೈತಿ. ಇಲ್ಲೆ ಬರಾಕ ಕೈಯಾಗ ಏನಾರ ಬೇಕಲ್ಲರಿ. ಬರೇ ಕೈಲೆ ಬಾಗಲಾ ಬಡದ್ರ... ಯಾಕ ಬಂದಿ ಅಂತ ನೀವು ಕೇಳಾವ್ರಲ್ಲ. ಕೇಳದಿದ್ರೂ, ನಾ ಏನ ಹೇಳಲಿ?

ಏನಾರ ಅನ್ರಿ ಭಾಬಿ. ಬೈರಿ ಬೇಕಾದ್ರ.

...ಅದರಾಗ ಕೈ ಹಾಕಿ ಏನ ಆರಸಾಕತ್ತೀರಿ? ಮುಳ್ಳ? ಪುಡಿ ಆದದ್ದರಾಗ ಮುಳ್ಳ ಹುಡುಕೂದು... ಹಿಂದಿನ ಶುಕ್ರವಾರನೂ ಹಿಂಗ ಆರಿಸಿ ಹಾಕಿದ್ರಿ? ಅದರ ಹಿಂದಿಂದೂ? ನಾ ಹೊರಗ ಕುಂತು, ನನ್ನ ಮೀನಿಗೆ ಮುಳ್ಳ ಸೈತ ಇರೂದಿಲ್ಲ ಅಂತ ಹೇಳಕೊಂತ ತಿಂತಿದ್ನಿ.

ಮೊದಲಿಂದನ ಗೊತ್ತಿತ್ತ ನಿಮಗ.

ಗೊತ್ತಿದ್ದೂ ಬಾಗಲಾ ತಗದ್ರಿ.