ಸಿರಾ ಕಡೆಯ ಪೋರ್ಟು

ಎಲ್ಲರಿಗೂ ನಮಸ್ಕಾರ. ದೇವರಾಜುವಿನ ತಾಯಿ ಕೆಂಚಮ್ಮನವರೇ, ಪತ್ನಿ ಶ್ರೀಲತಾ ಅವರೇ, ನಮ್ಮ ಮ್ಯಾನೇಜರ್ ಶಂಕರಲಿಂಗಪ್ಪನವರೇ, ಕೊರಟಗೆರೆ, ಸಿರಾ, ಪಾವಗಡದಿಂದ ಬಂದಿರುವ ಸಹೋದ್ಯೋಗಿಗಳೇ. ನಾನು ನಂದೀಶ್ವರಯ್ಯ. ಈ ಮಧುಗಿರಿ ಇಂಟರ್‌ನೆಟ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ಐದು ನಿಮಿಷ ಮಾತಾಡಿ ಅಂದಿದ್ದಾರೆ. ಜಾಸ್ತಿ ಆಯಿತು ಅಂತ ಯಾರೂ ಚೀಟಿ ಕಳಿಸಬೇಡಿ, ನಾನು ಓದುವುದಿಲ್ಲ.

ನನಗಿಂತ ಮುಂಚೆ ನಾಲ್ಕು ಜನ ಮಾತಾಡಿದರು. ದೇವರಾಜು ಅಜಾತಶತ್ರು ಅಂದರು. ಯಾವ ಅಜಾತಶತ್ರು ಸ್ವಾಮಿ? ಇಲ್ಲಿ ಕೂತಿರುವ ಅರ್ಧ ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನನಗಂತೂ ಆಗುತ್ತಲೇ ಇರಲಿಲ್ಲ. ಅವನು ಎದ್ದು ಬಂದು ಕೇಳುವುದಿಲ್ಲವಲ್ಲ, ಅದಕ್ಕೇ ನಮಗೆ ಇಷ್ಟು ಧೈರ್ಯ.

ಇವತ್ತು ಬೆಳಿಗ್ಗೆ ಶ್ರೀಲತಮ್ಮ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. "ಅಣ್ಣಾ, ಆ ಮೆಮೊ ನಿಜಾನಾ? ನಮ್ಮೋರು ಅಷ್ಟೊಂದು ಓದ್ಕಂಡು ಅದೊಂದನ್ನ ಮರ್ತ್‌ಬುಟ್ರಾ? ಕೊನೇ ತಂಕ ನಂಗೇನೂ ಹೇಳ್ಲಿಲ್ಲ ಕಣಣ್ಣ." ಎರಡು ವರ್ಷದ ಹಿಂದೆ ಪಾವಗಡದ ಲೈನು ಆರು ಗಂಟೆ ನಿಂತುಹೋಗಿದ್ದಕ್ಕೆ ದೇವರಾಜುವೇ ಕಾರಣ ಅಂತ ಕೊಟ್ಟ ಮೆಮೊ ಅದು. ಆ ಒಂದು ಕಾಗದದಿಂದ ಅವನು ನೆಟ್‌ವರ್ಕ್ ಎಂಜಿನಿಯರ್ ಆಗಲಿಲ್ಲ. ಹದಿನೈದು ದಿನದ ಹಿಂದೆ ಎದೆನೋವು ಬಂದು ಹೋದಾಗಲೂ ಟೆಕ್ನಿಷಿಯನ್ ಆಗಿಯೇ ಹೋದ. ನಾನು "ಸಭೆ ಮುಗೀಲಿ ತಾಯಿ" ಅಂತ ತಪ್ಪಿಸಿಕೊಂಡೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳದೆ ಈ ಮೈಕ್ ಬಿಡುವುದಿಲ್ಲ.

ದೇವರಾಜು ಹದಿನಾರು ವರ್ಷದ ಹಿಂದೆ ಪಟ್ಟನಾಯಕನಹಳ್ಳಿ ಕಡೆಯಿಂದ ಬಂದ. ಓದಿದ್ದು ಐಟಿಐ. ಗುಂಡಿ ತೋಡಿ ಕೇಬಲ್ ಎಳೆಯುವ ಕೆಲಸ. ಮಧ್ಯಾಹ್ನ ಉಂಡು ನಾವು ಹುಣಸೆಮರದ ಕೆಳಗೆ ಕಾಲು ಚಾಚಿದರೆ ಇವನು ಪುಸ್ತಕ ತೆಗೆಯುತ್ತಿದ್ದ — ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ಡಿಕ್ಷನರಿ. "ಏನ್ಲಾ ದೇವರಾಜ, ಡಿಸಿ ಆಯ್ತೀಯಾ?" ಅಂತ ನಾನು ರೇಗಿಸುತ್ತಿದ್ದೆ. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ನನಗೆ ಇನ್ನೂ ಮೈ ಉರಿಯುತ್ತಿತ್ತು.

ಕೇಬಲ್ ಜೋಡಿಸುವುದು ಕಲಿತ. ರೂಟರ್ ಕಲಿತ. ಪರೀಕ್ಷೆ ಕಟ್ಟಿದ, ಫೇಲ್. ಮತ್ತೆ ಕಟ್ಟಿದ, ಮತ್ತೆ ಫೇಲ್. ಅವತ್ತು ನಾವು ಬೋಂಡಾ ತರಿಸಿ ತಿಂದೆವು ಸ್ವಾಮಿ! ಹೌದು, ಅವನು ಫೇಲಾದ ಖುಷಿಗೆ. ಯಾಕೆ ಆಚೆ ನೋಡುತ್ತೀರಿ? ನೀವೂ ತಿಂದಿರಿ. ಮೂರನೇ ಸಲ ಪಾಸಾದ, ಬೋಂಡಾ ಅವನೇ ತಂದ, ಅದನ್ನೂ ತಿಂದೆವು. ಅಲ್ಲಿಗಾದರೂ ನಿಂತನಾ ಆಸಾಮಿ? ಇಲ್ಲ. ನಲವತ್ತನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲೀತೀನಿ ಅಂತ ಡಿಗ್ರಿ ಮಕ್ಕಳ ಜೊತೆ ಟ್ಯೂಷನ್ ಬೆಂಚಿನಲ್ಲಿ ಕೂತ. ಬೆಂಗಳೂರಿನ ಗುಜರಿಯಿಂದ ಹಳೇ ನೆಟ್‌ವರ್ಕ್ ಸ್ವಿಚ್ಚು ಪೆಟ್ಟಿಗೆಗಳನ್ನು ತಂದು ಮನೆಯಲ್ಲಿಟ್ಟು ಓಡಿಸಿದ. ಶ್ರೀಲತಮ್ಮ ನನ್ನ ಹೆಂಡತಿ ಹತ್ತಿರ ಹೇಳಿಕೊಂಡಿದ್ದರು, "ಅಕ್ಕಾ, ನಮ್ಮನೇಲಿ ಒಂದು ಮಿಕ್ಸಿ ಇಲ್ಲ. ಮಿಕ್ಸಿ ಥರ ಸದ್ದು ಮಾಡೋ ಪೆಟ್ಟಿಗೆ ಮಾತ್ರ ಮೂರವೆ."

ನನ್ನ ಗೃಹಪ್ರವೇಶದ ದಿನ ಊಟಕ್ಕೆ ನನ್ನ ಪಕ್ಕದಲ್ಲೇ ಕೂತ. ಎಲೆಯ ಮೇಲೆ ಉಪ್ಪು ಮಧುಗಿರಿಯಂತೆ, ಕೋಸಂಬರಿ ಪಾವಗಡವಂತೆ, ಪಲ್ಯ ಸಿರಾವಂತೆ. ಬೆರಳನ್ನು ಸಾರಿನಲ್ಲಿ ಅದ್ದಿ — ಹೀಗೆ — ಗೆರೆ ಎಳೆದ. "ನೋಡಣ್ಣ, ಮಧುಗಿರಿಗೂ ಪಾವಗಡಕ್ಕೂ ಮಧ್ಯೆ ಯಾವನೋ ಜೆಸಿಬಿಲಿ ಕೇಬಲ್ ಕಿತ್ತಾಕ್ದ ಅನ್ಕೋ. ಇಂಗೆ ಸಿರಾ ಮೇಲೆ ಸುತ್ಕಂಡು ಓಯ್ತದೆ. ಆದ್ರೆ ಸಿರಾ ಕಡೆ ಪೋರ್ಟು, ಅಂದ್ರೆ ಲೈನಿನ ಬಾಗ್ಲು, ತೆರ್ದಿರ್ಬೇಕು. ಅದನ್ನ ಯಾವನಾದ್ರೂ ಮುಚ್ಬುಟ್ಟಿದ್ರೆ ಎರಡು ದಾರೀನೂ ಬಂದ್." ನಾನು "ಉಣ್ಲಾ ಸುಮ್ನೆ" ಅಂದೆ. ಬೀಗರೆಲ್ಲ ನೋಡುತ್ತಿದ್ದರು.

ಇನ್ನು ನಮ್ಮ ಆಫೀಸಿನ ಪದ್ಧತಿ. ಮನೆಯವರಿಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ಒಬ್ಬೊಬ್ಬರಿಗೂ ಒಂದೊಂದು ಲಾಗಿನ್ ಇರಬೇಕು. ನಮ್ಮಲ್ಲಿ ನಾಲ್ಕು ತಾಲ್ಲೂಕಿಗೂ ಸೇರಿ ಒಂದೇ. ಪಾಸ್‌ವರ್ಡ್ ಬರೆದ ಚೀಟಿ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ. ಯಾರು ಏನು ಮಾಡಿದರೂ ದಾಖಲೆಯಲ್ಲಿ ಬರುವುದು ಶಂಕರಲಿಂಗಪ್ಪನವರ ಹೆಸರು. ದೇವರಾಜು ಹತ್ತು ವರ್ಷ ಕಟ್ಟಿದ್ದೆಲ್ಲ ಅವರ ಹೆಸರಿನಲ್ಲೇ ಇದೆ. ಅವರಿಗೆ ಬಡ್ತಿ ಬಂತು, ನಾವು ಶಾಲು ಹೊದಿಸಿದೆವು. ಬೇರೆ ಬೇರೆ ಲಾಗಿನ್ ಕೊಡಿ ಅಂತ ದೇವರಾಜು ಮೂರು ಸಲ ಅರ್ಜಿ ಬರೆದ. ಮೂರು ಸಲವೂ ಸಾರ್, ನೀವು "ಯಾಕಯ್ಯಾ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದಿರಿ. ತಲೆ ತಗ್ಗಿಸಬೇಡಿ ಸಾರ್, ನಿಮ್ಮೊಬ್ಬರದೇ ಅಲ್ಲ. ನಮಗೂ ಅದೇ ಬೇಕಾಗಿತ್ತು. ತಪ್ಪು ಮಾಡಿದರೆ ಯಾರೂ ಸಿಕ್ಕಿಬೀಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಪಾವಗಡದ ದಾರಿಯಲ್ಲಿ ಮಿಡಿಗೇಶಿ ಹತ್ತಿರ ಜೆಸಿಬಿ ಕೇಬಲ್ ಕಿತ್ತಿತು. ಲೈನು ಸಿರಾ ಮೇಲೆ ಸುತ್ತಿ ಹೋಗಬೇಕಿತ್ತು. ಹೋಗಲಿಲ್ಲ. ಬ್ಯಾಂಕು, ಆಸ್ಪತ್ರೆ, ವಳ್ಳೂರಿನ ಸೋಲಾರ್‌ನವರು, ಎಲ್ಲರದೂ ಬಂದ್. ಪಾವಗಡದಿಂದ "ಏಮ್ ಸಾರ್, ಲೈನ್ ಎಪ್ಪುಡೊಸ್ತುಂದಿ?" ಅಂತ, ಲೈನು ಯಾವಾಗ ಬರುತ್ತೆ ಅಂತ, ತೆಲುಗಿನಲ್ಲಿ ಫೋನ್ ಮೇಲೆ ಫೋನ್. ಸಿರಾ ಕಡೆಯ ಪೋರ್ಟು ಮುಚ್ಚಿದೆ ಅಂತ ಪತ್ತೆ ಹಚ್ಚಿ ತೆರೆದವನು ದೇವರಾಜು. ಮಾರನೇ ದಿನ ಸಾಹೇಬರು ಏನಂದರು? "ಪೋರ್ಟಿಗೆ ಕೈ ಹಾಕೋಕೆ ಬರೋದೇ ಅವನೊಬ್ಬನಿಗೆ. ತೆರೆದವನು ಅವನಾದರೆ ಮುಚ್ಚಿದವನೂ ಅವನೇ." ಹೌದು ಸಾರ್, ಹೌದು ಸಾರ್ ಅಂತ ನಾವು ಐದು ಜನ ಆ ಮೆಮೊಗೆ ಸಾಕ್ಷಿಯಾಗಿ ಸಹಿ ಹಾಕಿದೆವು. ಕಲಿತಿದ್ದೇ ಅವನಿಗೆ ಮುಳುವಾಯಿತು.

ಪೋರ್ಟು ಮುಚ್ಚಿದ ದಿನ ದಾಖಲೆಯಲ್ಲಿತ್ತು, ಹೆಸರು ಮಾತ್ರ ಸಾಹೇಬರದು. ಆ ವಾರ ಅವನು ನನ್ನ ಹತ್ತಿರ ಬಂದ. "ಅಣ್ಣಾ, ಹಿಂದಿನ ಶುಕ್ರವಾರ ಸಿರಾದಾಗೆ ಡ್ಯೂಟಿ ಯಾರ್ದು?" ಅಂದ. "ನಂಗೇನ್ಲಾ ಗೊತ್ತು" ಅಂದೆ. ಡ್ಯೂಟಿ ಪುಸ್ತಕ ಅವನ ಕೈಯಲ್ಲೇ ಇತ್ತು. ಅವನು ಅದನ್ನು ತೆರೆದು ನನಗೆ ತೋರಿಸಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕ ಕೂತು, "ಪೋರ್ಟು ಮುಚ್ಚಿದ್ ಮೇಲೆ ತೆಗೆಯೋದು ಹೆಂಗೆ ಅಂತ ತೋರುಸ್ತೀನಿ ಬಾರಣ್ಣ, ಎರಡೇ ನಿಮಿಷ" ಅಂದ. ನಾನು ಎದ್ದು ಹೊರಟುಹೋದೆ.

ಶ್ರೀಲತಮ್ಮಾ, ಮೆಮೊ ಸುಳ್ಳು. ನಿಮ್ಮ ಯಜಮಾನರು ಏನನ್ನೂ ಮರೆತಿರಲಿಲ್ಲ. ಆ ಶುಕ್ರವಾರ ಸಿರಾದಲ್ಲಿ ಡ್ಯೂಟಿಯಲ್ಲಿದ್ದವನು ನಾನು. ಟೆಸ್ಟ್ ಮಾಡಲು ಪೋರ್ಟು ಮುಚ್ಚಿದವನು ನಾನು. ತಿರುಗಿ ತೆರೆಯುವುದು ನನಗೆ ಗೊತ್ತಿರಲಿಲ್ಲ. ಒಂದು ಫೋನ್ ಮಾಡಿ ಅವನನ್ನು ಕೇಳಿದ್ದರೆ ಹೇಳುತ್ತಿದ್ದ. ನನ್ನ ಕೈಕೆಳಗೆ ಗುಂಡಿ ತೋಡುತ್ತಿದ್ದವನನ್ನು ನಾನು ಕೇಳಬೇಕಾ ಅಂತ ಕೇಳಲಿಲ್ಲ. ಮಿಡಿಗೇಶಿ ಕಡೆಯಿಂದ ಲೈನು ಓಡುತ್ತಾ ಇದೆಯಲ್ಲ, ಯಾರಿಗೆ ಗೊತ್ತಾಗುತ್ತೆ ಅಂತ ಮನೆಗೆ ಹೋದೆ. ಆಮೇಲೆ ಅವನ ತಲೆಗೆ ಕಟ್ಟಿದೆ.

ಕೆಂಚಮ್ಮನವರೇ, ಅಳಬೇಡಿ ಅನ್ನುವ ಯೋಗ್ಯತೆ ನನಗಿಲ್ಲ. ಬೈಯಿರಿ. ಬೈಸಿಕೊಳ್ಳುವುದಕ್ಕೇ ಬಂದಿದ್ದೇನೆ.

ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿದ್ದೇನೆ. ಒಂದು ಪ್ರತಿ ಶ್ರೀಲತಮ್ಮನಿಗೆ. ಒಂದು ನಿಮಗೆ, ತಗೊಳ್ಳಿ ಸಾರ್ — ಆಫೀಸಿಗೆ ಬಾ, ಮಾತಾಡೋಣ ಅನ್ನಬೇಡಿ, ಇಲ್ಲೇ ತಗೊಳ್ಳಿ. ನನ್ನ ಕೆಲಸ ಹೋದರೆ ಹೋಗಲಿ. ಆ ಮೆಮೊ ವಾಪಸ್ ಆಗಬೇಕು. ಇನ್ನೊಂದು ಪ್ರತಿ ಈ ಮೇಜಿನ ಮೇಲೆ ಇಡುತ್ತೇನೆ, ಪೆನ್ನೂ ಇದೆ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ದೇವರಾಜುವಿಗಾಗಿ ಎರಡು ನಿಮಿಷ ಮೌನ. ನನ್ನ ಜೊತೆ ಸಹಿ ಹಾಕಿದ ನಾಲ್ಕು ಜನ ಮಾತ್ರ ಅಲ್ಲಿ ನಿಲ್ಲಬೇಡಿ. ನಾವು ಎರಡು ವರ್ಷ ಮೌನವಾಗಿದ್ದೇವೆ, ಅಷ್ಟು ಸಾಕು. ಮಿಕ್ಕವರು ನಿಂತಿರುವಾಗ ನೀವು ಮುಂದೆ ಬಂದು ಈ ಕಾಗದಕ್ಕೆ ಸಹಿ ಮಾಡಿ.

ಏಳಿ.