ಪ್ರಾರ್ಥನೆಯ ನಾಲ್ಕು ನುಡಿ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತಿರುವ ಬೊಮ್ಮಲಿಂಗಪ್ಪನವರಿಗೆ, ಅವರ ಮಗಳು ಸರಿತಾಗೆ, ಮೊಳಕಾಲ್ಮೂರಿನಿಂದ ಬಂದಿರುವ ಅವರ ಬಂಧುಗಳಿಗೆ, ನಾಯಕನಹಟ್ಟಿ, ಸಿದ್ದಾಪುರದಿಂದ ಕೆಲಸ ಬಿಟ್ಟು ಬಂದ ಕಲಾವಿದರಿಗೆ, ನಮ್ಮ ಕಲಾ ಬಳಗದ ಎಲ್ಲ ಸದಸ್ಯರಿಗೆ — ಓಂಕಾರಮೂರ್ತಿಯ ನಮಸ್ಕಾರಗಳು.

ಮೊದಲಿಗೆ ಒಂದು ಕೆಲಸ ಮಾಡುತ್ತೇನೆ. ಈ ಕೈಗಡಿಯಾರ ಬಿಚ್ಚಿ ಇಲ್ಲಿ ಇಡುತ್ತೇನೆ — ಎಲ್ಲರಿಗೂ ಕಾಣುವ ಹಾಗೆ. ಮೈಕ್ ಹಿಡಿದರೆ ನಾನು ಬಿಡುವವನಲ್ಲ ಅಂತ ಚಳ್ಳಕೆರೆಗೆಲ್ಲ ಗೊತ್ತು. ಎಣ್ಣೆ ಮಿಲ್ಲಿನಲ್ಲಿ ಮಿಷನ್ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಇದು. ಕಾಲು ಗಂಟೆ ದಾಟಿತು ಅಂದರೆ, ಸರಿತಾ, ನೀನು ಎದ್ದು ನಿಲ್ಲಮ್ಮ. ಮಾತು ಅರ್ಧದಲ್ಲಿದ್ದರೂ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಯಾಕೆ ಅನ್ನುವುದು ನಿಮಗೇ ತಿಳಿಯುತ್ತದೆ.

ಇವತ್ತಿನ ಸಭೆ ಪ್ರಾರ್ಥನೆ ಇಲ್ಲದೆ ಶುರುವಾಯಿತು. ಗಮನಿಸಿದಿರೋ ಇಲ್ಲವೋ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ನಮ್ಮ ಬಳಗದ ಯಾವ ಆಹ್ವಾನ ಪತ್ರಿಕೆ ತೆಗೆದು ನೋಡಿ — ಸಂಗೀತ ಇರಲಿ, ನಾಟಕ ಇರಲಿ, ಮಕ್ಕಳ ಕುಣಿತ ಇರಲಿ — ಮೊದಲ ಸಾಲು ಒಂದೇ. ಪ್ರಾರ್ಥನೆ: ಶ್ರೀಮತಿ ವನಜಾಕ್ಷಮ್ಮ, ಮೊಳಕಾಲ್ಮೂರು. ಪ್ರೆಸ್ಸಿನವರಿಗೆ ಆ ಸಾಲು ನಾನು ಬರೆದು ಕೊಡುತ್ತಲೇ ಇರಲಿಲ್ಲ. ಅವರೇ ಹಾಕಿಕೊಳ್ಳುತ್ತಿದ್ದರು.

ಆಕೆ ನಮಗೆ ಸಿಕ್ಕಿದ್ದು ಹೇಗೆ? ಬಳಗ ಕಟ್ಟಿ ನಾಲ್ಕು ವರ್ಷ ಆಗಿತ್ತು. ಒಂದು ಕಾರ್ಯಕ್ರಮದ ದಿನ ಪ್ರಾರ್ಥನೆ ಹಾಡಬೇಕಿದ್ದ ಹುಡುಗಿಗೆ ಜ್ವರ. ನಾನು ಮೈಕಿನಲ್ಲಿ ಕೇಳಿದೆ, ಸಭಿಕರಲ್ಲಿ ಯಾರಾದರೂ ಹಾಡುವವರಿದ್ದೀರಾ ಅಂತ. ಕೊನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಕೈಯಲ್ಲಿ ಬಟ್ಟೆ ಚೀಲ. ಗಂಡ ನೇಯ್ದ ಸೀರೆ ಅಂಗಡಿಗೆ ಮುಟ್ಟಿಸಲು ಬಂದವರು, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಳಗೆ ಬಂದು ಕೂತಿದ್ದರು. ಚೀಲವನ್ನು ವೇದಿಕೆಯ ಅಂಚಿಗೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದರು. ಶ್ರುತಿಯಿಲ್ಲ, ತಬಲವಿಲ್ಲ. ನಾನು ಹೆಸರು ಕೇಳುವಷ್ಟರಲ್ಲಿ "ಬಸ್ಸಿಗೆ ಹೊತ್ತಾತು ಸಾರ್" ಅಂತ ಹೊರಟೇಹೋದರು. ಆಮೇಲೆ ಸೀರೆ ಅಂಗಡಿಯವರಿಂದ ವಿಳಾಸ ತಿಳಿದುಕೊಂಡು ಕಾರ್ಡು ಬರೆದೆ. ಮುಂದಿನ ಕಾರ್ಯಕ್ರಮಕ್ಕೆ ಬಂದರು. ಅದರ ಮುಂದಿನದಕ್ಕೂ ಬಂದರು. ಆ ಹೊತ್ತಿಗೆ ನಾನು ಸಾರ್ ಹೋಗಿ ಅಣ್ಣ ಆಗಿದ್ದೆ.

ಆ ಪ್ರಾರ್ಥನೆ ಅವರವ್ವ ಕಲಿಸಿದ್ದು. ಅದಕ್ಕೆ ನಾಲ್ಕು ನುಡಿ. ನಾವು ಕೇಳಿದ್ದು ಎರಡು. ಮೂರನೆಯದಕ್ಕೆ ಉಸಿರು ಎಳೆದುಕೊಳ್ಳುವಾಗಲೇ ನಾನು ಹೀಗೆ — ಅಂಗೈ ಎತ್ತುತ್ತಿದ್ದೆ. ಸಾಕು ಅಂತ. ಆಕೆ ಮೂರನೆಯ ನುಡಿ ನುಂಗಿಕೊಂಡು ಕೈ ಮುಗಿದು ಇಳಿಯುತ್ತಿದ್ದರು.

ಆ ಎರಡು ನುಡಿಯನ್ನಾದರೂ ನಾವು ಕೇಳಿದೆವಾ? ಮೈಕ್‌ಸೆಟ್ ಮಾರುತೇಶ್ ಇಲ್ಲೇ ಇದ್ದಾನೆ. ಅವನನ್ನು ಕೇಳಿ. ಎಲ್ಲ ಕಡೆ ಹಲೋ ಹಲೋ ಅಂತ ಮೈಕ್ ಪರೀಕ್ಷೆ ಮಾಡುತ್ತಾರೆ. ಮಾರುತೇಶ್ ಮಾತ್ರ ವನಜಾಕ್ಷಮ್ಮನ ಹಾಡಿನಲ್ಲಿ ಮಾಡುತ್ತಿದ್ದ. ಒಂದು ಸಾಲು ಜೋರಾಗಿ ಕೇಳುತ್ತಿತ್ತು, ಒಂದು ಸಾಲು ಕೇಳುತ್ತಲೇ ಇರಲಿಲ್ಲ. ಅವನನ್ನು ಬೈಯುತ್ತಿಲ್ಲ, ಅವನಿಗೆ ಹಾಗೆ ಮಾಡು ಅಂದವನು ನಾನೇ. ನೀವೂ ಅಷ್ಟೇ. ಪ್ರಾರ್ಥನೆ ಅಂದರೆ ನಮಗೆ ಕುರ್ಚಿ ಎಳೆಯುವ ಸಮಯ. ಹಿಂದೆ ತಿರುಗಿ ಬೀಗರನ್ನು ಮಾತಾಡಿಸುವ ಸಮಯ. "ಇನ್ನೂ ಪ್ರಾರ್ಥನೆ ನಡೀತೈತೆ, ಒಂದು ಟೀ ಕುಡುದು ಹೋಗಾಣ ಬಾರಲೇ" — ಹೊರಗೆ ಗೇಟಿನ ಹತ್ತಿರ ಈ ಮಾತು ನಾನೇ ಎಷ್ಟು ಸಲ ಕೇಳಿಲ್ಲ.

ಇನ್ನೊಂದು ಸನ್ನೆ ಇತ್ತು ನಮ್ಮಿಬ್ಬರ ನಡುವೆ. ಹೀಗೆ — ಬೆರಳು ಸುತ್ತಿಸಿದರೆ, ಅತಿಥಿಗಳು ಬಂದಿಲ್ಲ, ಇನ್ನೊಂದು ಹಾಡಿ ಅಂತ. ನಾಯಕನಹಟ್ಟಿಯಲ್ಲಿ ನಾವು ಮಾಡಿದ ಕಾರ್ಯಕ್ರಮ ಕೆಲವರಿಗೆ ನೆನಪಿರಬಹುದು. ಮುಖ್ಯ ಅತಿಥಿಗಳು ಬರುವುದು ಒಂದು ಗಂಟೆ ಹತ್ತು ನಿಮಿಷ ತಡ. ನಾನು ಬೆರಳು ಸುತ್ತಿಸುತ್ತಲೇ ಇದ್ದೆ, ಆಕೆ ಹಾಡುತ್ತಲೇ ಇದ್ದರು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಒಂಬತ್ತು ಹಾಡಾಯಿತು. ಹತ್ತನೆಯದರ ನಡುವೆ ಕಾರು ಬಂತು, ನಾನು ಅಂಗೈ ಎತ್ತಿದೆ. ಆಕೆ ಸಾಲಿನ ಅರ್ಧಕ್ಕೆ ನಿಲ್ಲಿಸಿದರು. ಹಾರ, ಶಾಲು, ಚಪ್ಪಾಳೆ, ಎಲ್ಲ ಶುರುವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಬೇಜಾರಾತೇನಮ್ಮಾ?" ಅಂತ. "ಬೇಜಾರೇನಿಲ್ಲಣ್ಣ. ಆ ಸಾಲೊಂದು ಮುಗಿಸ್ಕಂಡು ಇಳೀಬೌದಿತ್ತು. ಬಾಯಾಗೇ ಉಳ್ಕಂತು" ಅಂದರು. ನಾನು ನಕ್ಕೆ. ಅವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇಪ್ಪತ್ತಾರು ವರ್ಷದಲ್ಲಿ ಆಕೆ ನನ್ನನ್ನು ಕೇಳಿದ್ದು ಒಂದೇ ಒಂದು. ಎರಡು ವರ್ಷದ ಹಿಂದೆ, ಈ ಭವನದ ಮೆಟ್ಟಿಲ ಮೇಲೆ.

"ಅಣ್ಣಾ, ಒಂದು ಮಾತು ಕೇಳ್ಲಾ?"

"ಕೇಳಮ್ಮ."

"ನನಗೂ ಒಂದಿನ ಒಂದು ಗಂಟೆ ಕೊಡ್ತೀರಾ? ಮೊದ್ಲಲ್ಲ. ಎಲ್ಲಾರೂ ಬಂದು ಕುಂತ ಮ್ಯಾಲೆ."

ಖಂಡಿತ ಅಂದೆ. ಬಳಗದ ಮೂವತ್ತನೇ ವಾರ್ಷಿಕೋತ್ಸವಕ್ಕೇ ಇಟ್ಟುಕೊಳ್ಳೋಣ ಅಂದೆ. ಕಾರ್ಡಿನಲ್ಲಿ ಹಾಕಿಸಿದೆ — ಸಂಜೆ ಆರರಿಂದ ಏಳು, ಶ್ರೀಮತಿ ವನಜಾಕ್ಷಮ್ಮನವರಿಂದ ಗಾಯನ. ಆ ಕಾರ್ಡು ಅವರ ಮನೆಯ ಗೋಡೆಯ ಮೇಲೆ ಈಗಲೂ ಇದೆ. ಮೊನ್ನೆ ನೋಡಿ ಬಂದೆ.

ನಾಲ್ಕು ತಿಂಗಳು ತಯಾರಿ ಮಾಡಿಕೊಂಡರು ಅಂತ ಸರಿತಾ ಈಗ ಹೇಳುತ್ತಾಳೆ. ರಾಟೆ ಮುಂದೆ ಕೂತು ಮಗ್ಗಕ್ಕೆ ಬೇಕಾದ ರೇಷ್ಮೆ ನೂಲು ಸುತ್ತುತ್ತ, ಅದೇ ಎಂಟು ಹಾಡು. ಬೊಮ್ಮಲಿಂಗಪ್ಪನವರು ನಲವತ್ತು ವರ್ಷದಿಂದ ಊರವರಿಗೆಲ್ಲ ಮದುವೆ ಸೀರೆ ನೇಯ್ದವರು. ಹೆಂಡತಿಗೆ ಅಂತ ನೇಯ್ದದ್ದು ಅದೊಂದೇ ಸಲ. ಎಲೆಹಸಿರು ಮೈ, ಕುಂಕುಮದ ಬಣ್ಣದ ಅಂಚು. ಅದನ್ನು ಉಟ್ಟುಕೊಂಡು ಆಕೆ ಮಧ್ಯಾಹ್ನ ಮೂರಕ್ಕೇ ಬಂದು ಈ ಪಕ್ಕದ ಕುರ್ಚಿಯಲ್ಲಿ ಕೂತರು. ನಾಲ್ಕಕ್ಕೆ ಪ್ರಾರ್ಥನೆಯನ್ನೂ ಅವರೇ ಹಾಡಿದರು. ಎರಡು ನುಡಿ.

ಅವತ್ತು ನಾವು ಸನ್ಮಾನ ಮಾಡಿದ್ದು ಹದಿಮೂರು ಜನಕ್ಕೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಪ್ರತಿಯೊಬ್ಬರದೂ ಪರಿಚಯ, ಪ್ರತಿಯೊಬ್ಬರದೂ ಎರಡು ಮಾತು. ಆರು ದಾಟಿತು. ಆರೂವರೆ ದಾಟಿತು. ಏಳೂವರೆಗೆ ಭವನ ಬಿಟ್ಟುಕೊಡಬೇಕು, ಯಾರದೋ ನಿಶ್ಚಿತಾರ್ಥಕ್ಕೆ ಪಾತ್ರೆ ಬಂದು ಹೊರಗೆ ಇಳಿಯುತ್ತಿತ್ತು. ಮೊಳಕಾಲ್ಮೂರಿನ ಕಡೇ ಬಸ್ಸು ಏಳೂ ಮುಕ್ಕಾಲಿಗೆ. ಏಳು ಹತ್ತಕ್ಕೆ ನಾನು ಆಕೆಯ ಹತ್ತಿರ ಹೋಗಿ ಬಗ್ಗಿ ಹೇಳಿದೆ, "ವನಜಾಕ್ಷಮ್ಮಾ, ಒಂದೇ ಒಂದು ಹಾಡಿಬಿಡಮ್ಮಾ, ಆಮ್ಯಾಲೆ ವಂದನಾರ್ಪಣೆ."

ಆಕೆ ನನ್ನ ಮುಖ ನೋಡಿದರು. "ಆತಣ್ಣ" ಅಂದರು.

ಒಂದು ಹಾಡು ಹಾಡಿದರು. ಅರ್ಧ ಜನ ಊಟದ ಸಾಲಿನಲ್ಲಿದ್ದರು.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕಥೆ. ಕಾರ್ಯಕ್ರಮ ಅಂದಮೇಲೆ ಹೆಚ್ಚು ಕಮ್ಮಿ ಆಗುತ್ತದೆ ಅಂತ ನಾನೂ ಸಮಾಧಾನ ಹೇಳಿಕೊಂಡಿದ್ದೆ. ಈಗ ಹೇಳಬೇಕಾಗಿರುವುದು ಮುಂದಿನದು.

ಆ ಹದಿಮೂರು ಜನರಲ್ಲಿ ಒಬ್ಬ ನಾನು. ಬಳಗಕ್ಕೆ ಮೂವತ್ತು ವರ್ಷ ದುಡಿದವನು ಅಂತ ನನಗೂ ಪೇಟ ಸುತ್ತಿದಿರಿ. ನಾನೂ ಮಾತಾಡಿದೆ. ವನಜಾಕ್ಷಮ್ಮ ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ ಆ ವಾರ್ಷಿಕೋತ್ಸವದ ವಿಡಿಯೋ ಹಾಕಿಕೊಂಡು ನೋಡಿದೆ. ಎಲ್ಲರಿಗಿಂತ ಉದ್ದದ ಮಾತು ನನ್ನದು. ಇಪ್ಪತ್ತೆರಡು ನಿಮಿಷ. ಹದಿನಾರು ಜನರ ಹೆಸರು ಹಿಡಿದು ಕೃತಜ್ಞತೆ ಹೇಳಿದ್ದೇನೆ — ಶಾಮಿಯಾನದವರು, ಅಡುಗೆಯವರು, ಹೂವಿನವರು. ವನಜಾಕ್ಷಮ್ಮನ ಹೆಸರಿಲ್ಲ. ಮತ್ತೆ ಮತ್ತೆ ಹಾಕಿ ನೋಡಿದೆ. ಇಲ್ಲ. ಆಕೆ ನನ್ನಿಂದ ಆರು ಅಡಿ ದೂರದಲ್ಲಿ ಕೂತಿದ್ದಾರೆ, ಆ ಹಸಿರು ಸೀರೆಯಲ್ಲಿ. ನನ್ನ ಮಾತು ಮುಗಿದಾಗ ಚಪ್ಪಾಳೆ ತಟ್ಟುತ್ತಿದ್ದಾರೆ.

ನನ್ನ ಬಾಯಿ ಆಕೆಯ ಒಂದು ಗಂಟೆಯನ್ನು ತಿಂದಿತು. ಇದನ್ನು ಬೇರೆ ಯಾರೋ ಹೇಳುವುದಕ್ಕಿಂತ ನಾನೇ ಹೇಳುತ್ತೇನೆ.

ವಾರ್ಷಿಕೋತ್ಸವ ಆದ ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಆಕೆಗೆ ಅಳುಕುತ್ತಲೇ ಫೋನ್ ಮಾಡಿದ್ದೆ. "ಎಷ್ಟೊತ್ತಿಗೆ ಬರ್ಲಣ್ಣಾ?" ಅಂದರು, ಏನೂ ಆಗಿಲ್ಲವೆಂಬಂತೆ. ಬಂದರು, ಹಾಡಿದರು, ಅಂಗೈ ಎತ್ತಿದಾಗ ಇಳಿದರು. ತಪ್ಪಾಯಿತಮ್ಮಾ ಅಂತ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಇಷ್ಟು ದೊಡ್ಡ ಬಾಯಿ! ಮುಂದಿನ ವಾರ್ಷಿಕೋತ್ಸವದಲ್ಲಿ ಸರಿ ಮಾಡಿದರಾಯಿತು ಅಂದುಕೊಂಡೆ. ಹದಿನೇಳು ದಿನದ ಹಿಂದೆ, ಬೆಳಿಗ್ಗೆ, ನೂಲು ಸುತ್ತುತ್ತ ಕೂತವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರಂತೆ. ಅಷ್ಟೇ. ಐವತ್ತೊಂಬತ್ತು ವರ್ಷ.

ಮೊನ್ನೆ ಮನೆಗೆ ಹೋಗಿದ್ದೆ ಅಂದೆನಲ್ಲ. ಬೊಮ್ಮಲಿಂಗಪ್ಪನವರು ಹೆಚ್ಚು ಮಾತಿನವರಲ್ಲ. ಮನೆ ಮಾತು ತೆಲುಗು, ನನಗಾಗಿ ಕನ್ನಡದಲ್ಲಿ ಹೇಳಿದರು. ಅವರು ಹೇಳಿದ್ದನ್ನು ಅವರ ಅಪ್ಪಣೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

"ಅವತ್ತು ಮನೀಗೆ ಬಂದ್ಲು ಸಾರ್. ಸೀರೆ ಮಡಚಿ ಇಟ್ಲು. ಮಾರನೇ ದಿನ ಮಧ್ಯಾಹ್ನ ಅದೇ ಸೀರೆ ಉಟ್ಕಂಡು ಬಂದು ಮಗ್ಗದ ಮುಂದೆ ಕುಂತ್ಲು. ಒಂದು ಗಂಟೆ ಮಗ್ಗ ನಿಲ್ಲಿಸ್ತೀರಾ ಅಂದ್ಲು. ನಿಲ್ಲಿಸ್ದೆ. ಎಂಟೂ ಹಾಡು ಹಾಡಿದ್ಲು. ಕಡೀಗೆ ಪ್ರಾರ್ಥನೆ. ನಾಲ್ಕೂ ನುಡಿ."

ಹೇಗೆ ಹಾಡಿದರು ಅಂತ ಕೇಳಿದೆ. ಅವರು ಅಂದರು — "ಮನ್ಯಾಗೆ ಅವ್ಳು ಯಾವತ್ತೂ ಅರ್ಧಕ್ಕೆ ನಿಲ್ಲಿಸ್ದೋಳಲ್ಲ ಸಾರ್. ನಿಮ್ಮ ಸ್ಟೇಜಿನ ಮ್ಯಾಲೆ ಮಾತ್ರ."

ಬೈಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೈದಿದ್ದರೆ ನಾನು ಸ್ವಲ್ಪ ಹಗುರವಾಗಿ ಎದ್ದು ಬರುತ್ತಿದ್ದೆ.

ಬಳಗದ ಗೆಳೆಯರು ಹೇಳುತ್ತಿದ್ದಾರೆ, ಆಕೆಯ ಹೆಸರಿನಲ್ಲಿ ವರ್ಷಕ್ಕೊಂದು ಪ್ರಶಸ್ತಿ ಇಡೋಣ ಅಂತ. ಸದುದ್ದೇಶದಿಂದಲೇ ಹೇಳುತ್ತಿದ್ದಾರೆ. ಕೈ ಮುಗಿಯುತ್ತೇನೆ — ಬೇಡ. ಮತ್ತೊಂದು ಶಾಲು, ಮತ್ತೊಂದು ಪೇಟ, ಮತ್ತೆ ಎರಡು ಮಾತು. ಅಷ್ಟರಲ್ಲಿ ಇನ್ಯಾರೋ ಒಬ್ಬರು ಪಕ್ಕದ ಕುರ್ಚಿಯಲ್ಲಿ ಶ್ರುತಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುತ್ತಾರೆ. ಏನಾದರೂ ಮಾಡಲೇಬೇಕು ಅಂದರೆ ಹಾಡುವವರ ಹೊತ್ತನ್ನು ಹಾಡುವವರಿಗೇ ಬಿಡೋಣ. ಅತಿಥಿಗಳು ಬಂದಾಗ ಬಂದು ಕೂರಲಿ. ನಾನಂತೂ ನಿರೂಪಣೆಯ ಈ ಮೈಕನ್ನು ಇವತ್ತಿಗೆ ಬಿಡುತ್ತಿದ್ದೇನೆ. ಇನ್ನು ಮುಂದೆ ಪ್ರಾರ್ಥನೆಯ ಹೊತ್ತಿಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತೇನೆ.

ಬೊಮ್ಮಲಿಂಗಪ್ಪನವರೇ, ಸರಿತಾ, ಈ ಮಾತನ್ನು ನಾನು ಹೇಳಬೇಕಾಗಿದ್ದು ನಿಮಗಲ್ಲ, ಆಕೆಗೆ. ಹೇಳಲಿಲ್ಲ. ನನ್ನಿಂದ ತಪ್ಪಾಯಿತು.

ಗಡಿಯಾರ ನೋಡಿದೆ. ಹದಿನಾಲ್ಕು ನಿಮಿಷ. ಸರಿತಾ, ನಿನಗೆ ಏಳುವ ತೊಂದರೆ ಕೊಡುವುದಿಲ್ಲ.

ಕೊನೆಯದೊಂದು ಕೆಲಸ ಉಳಿದಿದೆ. ಇಂಥ ಸಭೆಗಳಲ್ಲಿ ಒಂದು ನಿಮಿಷ ಮೌನ ವಾಡಿಕೆ. ಆ ಒಂದು ನಿಮಿಷವನ್ನೂ ನಾನು ಅಳೆದು, ಸಾಕು ಅನ್ನುತ್ತಿದ್ದವನು. ಇವತ್ತು ಅಳೆಯುವುದಿಲ್ಲ. ನೋಡಿ, ಗಡಿಯಾರ ಜೇಬಿಗೆ ಹಾಕಿದೆ. ನಾಲ್ಕೂ ನುಡಿ ಕೇಳಿದವರು, ಅದು ಎಲ್ಲಿಗೆ ಮುಗಿಯುತ್ತದೆ ಅಂತ ಬಲ್ಲವರು ನಮ್ಮಲ್ಲಿ ಬೊಮ್ಮಲಿಂಗಪ್ಪನವರು. ಅವರು ಮನಸ್ಸಿನಲ್ಲೇ ಆ ಹಾಡನ್ನು ಪೂರ್ತಿ ಕೇಳಿಕೊಳ್ಳಲಿ. ಅವರು ಕೂತ ಮೇಲೆ ನಾವು ಕೂರೋಣ. ಅಲ್ಲಿಯವರೆಗೆ ನಾನು ಕೈ ಎತ್ತುವುದಿಲ್ಲ.

ಮಾರುತೇಶ್, ಆ ಮೈಕ್ ಸ್ಟ್ಯಾಂಡನ್ನು ಆಕೆಯ ಎತ್ತರಕ್ಕೆ ಇಳಿಸಪ್ಪ. ಇನ್ನೂ ಸ್ವಲ್ಪ — ಹಾಂ, ಅಷ್ಟು. ಹಾಗೇ ಬಿಡು, ಅದನ್ನು ಮುಟ್ಟಬೇಡ.

ಗೇಟಿನ ಹತ್ತಿರ ಇರುವವರು ಒಳಗೆ ಬನ್ನಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸದ್ದು ಬೇಡ — ಪ್ರಾರ್ಥನೆ ಶುರುವಾಗುತ್ತಿದೆ.